ಓಡಿದ್ದು ಕಮ್ಮಿ, ಕೆಟ್ಟಿದ್ದು ಜಾಸ್ತಿ: ನಿಂತೇ ಇದ್ದ 1987ರ ಬ್ಯುಯಿಕ್ ಗ್ರ್ಯಾಂಡ್ ನ್ಯಾಷನಲ್‌ನ ದೋಷ ಪತ್ತೆ

1987ರಲ್ಲಿ ಅಮೆರಿಕದ ಬ್ಯುಯಿಕ್ ಗ್ರ್ಯಾಂಡ್ ನ್ಯಾಷನಲ್ ಕಾರು ಕೊಂಡವರಲ್ಲಿ ಎಷ್ಟೋ ಮಂದಿ ಅದನ್ನು ಓಡಿಸುವುದಕ್ಕಿಂತ ಕೂಡಿಡುವುದಕ್ಕೇ ಕೊಂಡರು. ಕಪ್ಪು ಬಣ್ಣ, 3.8 ಲೀಟರಿನ ವಿ6, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ, ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್, 245 ಅಶ್ವಶಕ್ತಿ. ಆ ಮಾದರಿ ವರ್ಷಕ್ಕೆ 20,193 ಕಾರು ತಯಾರಾದವು, ಜೊತೆಗೆ ಅದರದೇ ಇನ್ನೂ ಬಲವಾದ ರೂಪ ಜಿಎನ್‌ಎಕ್ಸ್ 547. ಹೀಗಾಗಿ ಮೂರು ನಾಲ್ಕು ಸಾವಿರ ಮೈಲಿ ಮಾತ್ರ ಓಡಿದ ಕಾರುಗಳು ಇವತ್ತಿಗೂ ಮಾರಾಟಕ್ಕೆ ಬರುತ್ತವೆ. ಸೀಟಿನ ಬಟ್ಟೆ ಹೊಸದು, ಪೆಡಲ್ ರಬ್ಬರ್ ಸವೆದಿಲ್ಲ. ಆದರೆ ಚಾವಿ ತಿರುಗಿಸಿದರೆ ಎಂಜಿನ್ ಹಿಡಿಯುವುದಿಲ್ಲ, ಹಿಡಿದರೂ ಕಾಲು ಗಂಟೆಗೆ ನಿಲ್ಲುತ್ತದೆ, ಬ್ರೇಕ್ ದೀಪ ಆರುವುದಿಲ್ಲ.

ಇಂಥ ಕಾರಿನಲ್ಲಿ ಸವೆತದಿಂದ ಕೆಟ್ಟದ್ದು ಅಪರೂಪ. ವಯಸ್ಸಿನಿಂದ ಕೆಟ್ಟದ್ದೇ ಬಹುಪಾಲು: ಹಳಸಿದ ಪೆಟ್ರೋಲು, ಒಣಗಿದ ರಬ್ಬರು, ಹಸಿರು ಕಿಲುಬು ಹಿಡಿದ ಅರ್ಥ್ ತಂತಿ, ಬಿರುಕು ಬಿಟ್ಟ ಪ್ಲಾಸ್ಟಿಕ್ಕು. ಪಿಸ್ಟನ್ನು, ಬೇರಿಂಗು ಅನುಮಾನಿಸುವ ಮೊದಲು ಇವಿಷ್ಟನ್ನು ಮುಗಿಸಿ. ಅನುಮಾನ ಬಂದದ್ದನ್ನೆಲ್ಲ ಬಿಚ್ಚಿ ಹೊಸದು ಹಾಕುವ ಅಭ್ಯಾಸ ಈ ಕಾರಿಗೆ ಎರಡು ಪಟ್ಟು ನಷ್ಟ. ದೋಷವೂ ಹೋಗುವುದಿಲ್ಲ, ಕಾರ್ಖಾನೆಯಿಂದ ಬಂದ ಮೂಲ ಭಾಗವೂ ಕೈತಪ್ಪುತ್ತದೆ.

ಇಲ್ಲಿರುವುದು 1986 ಮತ್ತು 87ರ ಇಂಟರ್‌ಕೂಲರ್ ಇರುವ ಕಾರುಗಳಿಗೆ. ಇದರ ಸೋದರ ಮಾದರಿ ಟಿ-ಟೈಪ್‌ಗೂ ಇದೇ ಎಂಜಿನ್, ಇದೇ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್). 1984-85ರ ಇಂಟರ್‌ಕೂಲರ್ ಇಲ್ಲದ ಕಾರಿಗೆ ಎಲ್ಲ ಅಂಕಿಗಳೂ ಹೊಂದುವುದಿಲ್ಲ.

ಚಾವಿ ತಿರುಗಿಸುವ ಮೊದಲು

ಒಂದೆರಡು ವರ್ಷಕ್ಕಿಂತ ಹೆಚ್ಚು ನಿಂತಿದ್ದರೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಈ ಎಂಜಿನ್ನಿನ ಆಯಿಲ್ ಪಂಪ್ ಮುಂಭಾಗದ ಟೈಮಿಂಗ್ ಕವರ್‌ನಲ್ಲಿದೆ, ಆಯಿಲ್ ಇರುವ ಮಟ್ಟಕ್ಕಿಂತ ಮೇಲೆ. ನಿಂತು ನಿಂತು ಪಂಪಿನೊಳಗಿನ ಆಯಿಲ್ ಕೆಳಗಿಳಿದರೆ ಅದು ಬರೀ ಗಾಳಿಯನ್ನು ತಿರುಗಿಸುತ್ತದೆ, ಮೇಲಕ್ಕೆ ಎಳೆಯುವುದಿಲ್ಲ. ಟರ್ಬೊದ ಬೇರಿಂಗಿಗೆ ನೀರಿನ ತಂಪು ಇಲ್ಲ, ಆಯಿಲೇ ಗತಿ. ಒಣ ಬೇರಿಂಗಿನ ಮೇಲೆ ಎಂಜಿನ್ ಓಡಿಸಿದರೆ ಹಾಳಾಗಲು ಬಹಳ ಹೊತ್ತು ಬೇಕಿಲ್ಲ.

ಆರೂ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಡಿ. ಮರುದಿನ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಸಲೀಸಾಗಿ ತಿರುಗಿದರೆ, ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಕಳಚಿ. ಅದಿಲ್ಲದೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಪ್ಲಗ್ ಇಲ್ಲದ ಎಂಜಿನ್ನನ್ನು ಹತ್ತು ಸೆಕೆಂಡ್ ಸೆಲ್ಫ್‌ನಲ್ಲಿ ತಿರುಗಿಸಿ, ಒಂದು ನಿಮಿಷ ಬಿಡಿ. ಐದಾರು ಸಲ ಹೀಗೆ ಮಾಡುವಷ್ಟರಲ್ಲಿ ಆಯಿಲ್ ಒತ್ತಡ ತೋರಬೇಕು. ತೋರದಿದ್ದರೆ ಫಿಲ್ಟರ್ ಕೂರುವ ಜಾಗದ ಪಂಪ್ ಕವರ್ ಬಿಚ್ಚಿ, ಎರಡು ಗಿಯರ್‌ಗಳ ಹಲ್ಲಿನ ಸಂದಿಗೆಲ್ಲ ಪೆಟ್ರೋಲಿಯಂ ಜೆಲ್ಲಿ ತುಂಬಿ ಮುಚ್ಚಿ. ಮೆಡಿಕಲ್ ಶಾಪಿನ ಸಾದಾ ವ್ಯಾಸಲಿನ್ನೇ ಸಾಕು, ಗ್ರೀಸ್ ಮಾತ್ರ ಬೇಡ. ಜೆಲ್ಲಿ ಆಯಿಲಿನ ಬಿಸಿಗೆ ಕರಗಿ ಬೆರೆತುಹೋಗುತ್ತದೆ, ಗ್ರೀಸ್ ಹಾಗೆ ಕರಗುವುದಿಲ್ಲ.

ಆಯಿಲ್ ಆರಿಸುವಾಗ ಒಂದು ಎಚ್ಚರ. ಈ ಎಂಜಿನ್ನಿನ ಟ್ಯಾಪೆಟ್‌ಗಳ ತಳ ಚಪ್ಪಟೆ, ರೋಲರ್ ಇಲ್ಲ. ಇಂದಿನ ಸಾಮಾನ್ಯ ಪೆಟ್ರೋಲ್ ಕಾರಿನ ಆಯಿಲಿನಲ್ಲಿ ಸತು-ರಂಜಕದ ಅಂಶ ಕಡಿಮೆ, ವಾಲ್ವ್ ಎತ್ತುವ ದಂಡದ, ಅಂದರೆ ಕ್ಯಾಮ್‌ನ, ಉಬ್ಬು ಸವೆಯುತ್ತದೆ. ಹಳೆಯ ಎಂಜಿನ್‌ಗಳಿಗೆಂದೇ ಮಾಡಿದ, ಸತುವಿನ ಅಂಶ ಹೆಚ್ಚಿರುವ ಆಯಿಲ್ ಹಾಕಿ. ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಬದಲಿಸಿದರೂ ಒಂದೇ ಸಿಲಿಂಡರಿನ ಮಿಸ್ಸಿಂಗ್ ಹೋಗದಿದ್ದರೆ, ರಾಕರ್ ಕವರ್ ತೆಗೆದು ಆ ಸಿಲಿಂಡರಿನ ರಾಕರ್ ಎಷ್ಟು ಏಳುತ್ತದೆ ಎಂದು ಡಯಲ್ ಗೇಜಿನಿಂದ ಅಳೆದು ಪಕ್ಕದ್ದಕ್ಕೆ ಹೋಲಿಸಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಮೊದಲು ಕಣ್ಣು ಕಿವಿ ಸಾಕು. ಚಾವಿಯನ್ನು ಆನ್‌ಗೆ ತಂದಾಗ ಡ್ಯಾಶ್‌ಬೋರ್ಡಿನ ‘ಸರ್ವಿಸ್ ಎಂಜಿನ್ ಸೂನ್’ ದೀಪ ಉರಿಯಬೇಕು, ಡಿಕ್ಕಿಯ ಕೆಳಗಿನ ಟ್ಯಾಂಕಿನಿಂದ ಎರಡು ಸೆಕೆಂಡ್ ಪಂಪಿನ ಗುಂಯ್‌ಗುಡುವ ಸದ್ದು ಬರಬೇಕು. ಎರಡೂ ಇಲ್ಲದಿದ್ದರೆ ಇಸಿಎಂಗೆ ಕರೆಂಟೇ ಹೋಗುತ್ತಿಲ್ಲ. ಬ್ಯಾಟರಿ ಬಳಿಯಿಂದ ಇಸಿಎಂಗೆ ಹೋಗುವ ಕಿತ್ತಳೆ ತಂತಿ, ಅದರ ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ಸುಡುವ ತಂತಿಯ ತುಂಡು), ಇಸಿಎಂ ಫ್ಯೂಸ್ ನೋಡಿ. ಫ್ಯೂಸಿಬಲ್ ಲಿಂಕ್ ಹೊರಗೆ ಸರಿಯಿದ್ದು ಒಳಗೆ ಸುಟ್ಟಿರಬಹುದು. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿತೆಂದರೆ ಒಳಗಿನ ತಾಮ್ರ ಹೋಗಿದೆ. ಇಸಿಎಂ ಇರುವುದು ಮುಂದಿನ ಬಲ ಸೀಟಿನಲ್ಲಿ ಕೂತವರ ಕಾಲ ಬಳಿಯ ಪ್ಯಾನೆಲ್ ಹಿಂದೆ. ಇಲಿ ಗೂಡು ಕಟ್ಟಿದ್ದರೆ ಅಲ್ಲೂ ಇಣುಕಿ.

ದೀಪ ಉಂಟು, ಪಂಪಿನ ಸದ್ದಿಲ್ಲ, ಆದರೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯುತ್ತದೆ. ಇದು ಪಂಪ್ ರಿಲೇ ಸತ್ತಿರುವ ಲಕ್ಷಣ. ಪಂಪಿಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ: ಒಂದು ರಿಲೇಯಿಂದ, ಇನ್ನೊಂದು ಆಯಿಲ್ ಒತ್ತಡದ ಸ್ವಿಚ್ಚಿನಿಂದ. ಸೆಲ್ಫ್ ತಿರುಗುತ್ತ ಆಯಿಲ್ ಒತ್ತಡ ಏರಿದಾಗ ಎರಡನೇ ದಾರಿ ತೆರೆಯುತ್ತದೆ. ಪಂಪ್ ತಂದು ಹಾಕಿ ದುಡ್ಡು ಕಳೆದುಕೊಳ್ಳುವ ಮೊದಲು ರಿಲೇ ಬದಲಿಸಿ ನೋಡಿ.

ಸದ್ದು ಬಂದ ಮಾತ್ರಕ್ಕೆ ಒತ್ತಡ ಇದೆ ಎಂದಲ್ಲ. ಫ್ಯೂಯೆಲ್ ರೈಲಿನಲ್ಲಿ ಟೈರಿನ ವಾಲ್ವಿನಂಥ ಒಂದು ಮೂತಿ ಇದೆ, ಅದಕ್ಕೆ ಗೇಜ್ ಹಾಕಿ. ಮೂತಿಯ ಕೆಳಗೆ ಬಟ್ಟೆ ಹಿಡಿಯಿರಿ, ಪೆಟ್ರೋಲು ಚಿಮ್ಮುತ್ತದೆ. ಪೆಟ್ರೋಲಿನ ಒತ್ತಡ ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿಟ್ಟು ಪಂಪ್ ಓಡಿಸಿದಾಗ 40 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಚೀಚೆ ಬರಬೇಕು. 37ರಿಂದ 43ರೊಳಗಿದ್ದರೆ ಸಮಾಧಾನ. ಪಂಪ್ ನಿಂತ ಮೇಲೆ ಒತ್ತಡ ನಿಧಾನವಾಗಿ ಇಳಿಯಬೇಕು. ಕ್ಷಣದಲ್ಲಿ ಸೊನ್ನೆಗೆ ಬಿದ್ದರೆ ಮೂರು ಸಾಧ್ಯತೆ: ಪಂಪಿನೊಳಗಿನ ಚೆಕ್ ವಾಲ್ವ್, ರೆಗ್ಯುಲೇಟರ್, ಸೋರುವ ಇಂಜೆಕ್ಟರ್. ಕಳಚಿದ ವ್ಯಾಕ್ಯೂಮ್ ಹೋಸಿನ ತುದಿಯನ್ನು ಮೂಸಿ. ಪೆಟ್ರೋಲು ನಾತ ಬಂದರೆ, ಒಳಗೆ ಒದ್ದೆ ಇದ್ದರೆ ರೆಗ್ಯುಲೇಟರಿನ ಪೊರೆ ಹರಿದಿದೆ. ನಾತ ಇಲ್ಲದಿದ್ದರೆ ಪ್ಲಗ್‌ಗಳನ್ನು ನೋಡಿ, ಒಂದೇ ಒಂದು ಒದ್ದೆಯಾಗಿ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್.

ಪೆಟ್ರೋಲನ್ನೂ ಒಂದು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಒಡ್ಡಿ. ಚಹಾದ ಬಣ್ಣ, ಬಣ್ಣದಂಗಡಿಯ ವಾರ್ನಿಶ್ ವಾಸನೆ ಇದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ. ಟ್ಯಾಂಕ್ ಇಳಿಸಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ, ಇಂಜೆಕ್ಟರ್‌ಗಳನ್ನು ಬೆಂಚಿನ ಮೇಲೆ ತೊಳೆಸಿ, ಓ-ರಿಂಗ್ ಹೊಸದು ಹಾಕಿ. ಟ್ಯಾಂಕ್ ಇಳಿಸಿದಾಗ ಪಂಪಿಗೂ ಮೇಲಿನ ಪೈಪಿಗೂ ನಡುವಿನ ಗೇಣುದ್ದಕ್ಕೂ ಕಡಿಮೆಯ ಜೋಡಣೆಯನ್ನು ಮರೆಯಬೇಡಿ. ಅದು ಬಿರಿದಿದ್ದರೆ ಪಂಪು ಎತ್ತಿದ ಪೆಟ್ರೋಲು ಅಲ್ಲೇ ಟ್ಯಾಂಕಿಗೆ ವಾಪಸು ಸುರಿಯುತ್ತದೆ. ಐಡ್ಲಿಂಗ್‌ನಲ್ಲಿ ಗೊತ್ತೇ ಆಗುವುದಿಲ್ಲ, ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಬಂದಾಗ ಎಂಜಿನ್ನಿಗೆ ಪೆಟ್ರೋಲು ಸಾಲುವುದಿಲ್ಲ. ಅಲ್ಲಿಗೆ ಸಾದಾ ಫ್ಯೂಯೆಲ್ ಹೋಸ್ ಹಾಕಬೇಡಿ. ಅದು ಒಳಗಿನಿಂದ ಪೆಟ್ರೋಲು ತಡೆಯುತ್ತದೆ, ಹೊರಗಿನಿಂದ ಮುಳುಗಿದ್ದರೆ ತಡೆಯುವುದಿಲ್ಲ. ಮುಳುಗಿರಲೆಂದೇ ಮಾಡಿದ ‘ಜೆ30ಆರ್10’ ದರ್ಜೆಯ ಹೋಸ್ ಬೇಕು.

ಪೆಟ್ರೋಲು ಸರಿ ಇದೆ ಅಂದಮೇಲೆ ಕಿಡಿ. ಇದರಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಮೂರು ಕಾಯಿಲ್ ಒಂದು ಗಂಟಿನಲ್ಲಿವೆ, ಕೆಳಗೆ ಇಗ್ನಿಷನ್ ಮಾಡ್ಯೂಲ್. ಒಂದೊಂದು ಕಾಯಿಲ್ ಎರಡು ಸಿಲಿಂಡರಿಗೆ: 1-4, 2-5, 3-6. ಸ್ಪಾರ್ಕ್ ಟೆಸ್ಟರ್ ಹಾಕಿ ಒಂದೊಂದೇ ತಂತಿ ನೋಡಿ. ಜೋಡಿಯ ಎರಡರಲ್ಲೂ ಕಿಡಿ ಇಲ್ಲದಿದ್ದರೆ ಅದರ ಕಾಯಿಲ್ ಇಲ್ಲವೇ ಮಾಡ್ಯೂಲಿನ ಆ ಭಾಗ. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ತಂತಿ ಅಥವಾ ಕಾಯಿಲಿನ ಮೂತಿಯ ಬಿರುಕು. ಆರರಲ್ಲೂ ಇಲ್ಲದಿದ್ದರೆ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಮಾಡ್ಯೂಲ್ ಅಥವಾ ಅವುಗಳ ಕರೆಂಟ್.

ಬಿಸಿಯಾದ ಮೇಲೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಹಿಡಿಯುತ್ತದೆ

ಈ ಕಾರಿನ ಅತಿ ಪ್ರಸಿದ್ಧ ಕಾಟ ಇದು. ಹೆಚ್ಚು ಭಾಗಗಳು ವ್ಯರ್ಥವಾಗಿ ಬದಲಾಗುವುದೂ ಇದಕ್ಕೇ. ಕಾರು ಹೇಗೆ ನಿಂತಿತು ಎಂಬುದೇ ಅರ್ಧ ಉತ್ತರ.

ಎಂಜಿನ್ ಓಡುತ್ತಿರುವಾಗ ಕ್ಯಾಮ್ ಸೆನ್ಸರ್ ಸತ್ತರೆ ಎಂಜಿನ್ ನಿಲ್ಲುವುದಿಲ್ಲ. ಸ್ಟಾರ್ಟ್ ಆಗುವಾಗ ಯಾವ ಸಿಲಿಂಡರಿನ ಸರದಿ ಎಂದು ತಿಳಿಯಲಷ್ಟೇ ಆ ಸಂಕೇತ ಬೇಕು, ಒಮ್ಮೆ ತಿಳಿದ ಮೇಲೆ ಎಣಿಕೆ ತಪ್ಪುವುದಿಲ್ಲ. ಆದ್ದರಿಂದ ರಸ್ತೆಯ ನಡುವೆ, ಕೊಡಲಿಯಿಂದ ಕಡಿದಂತೆ ಎಂಜಿನ್ ನಿಂತರೆ ಕ್ಯಾಮ್ ಸೆನ್ಸರನ್ನು ಬಿಡಿ, ಕ್ರ್ಯಾಂಕ್ ಸೆನ್ಸರ್ ಮತ್ತು ಮಾಡ್ಯೂಲ್ ಹಿಡಿಯಿರಿ. ಚೆನ್ನಾಗಿ ಓಡಿಸಿ ನೀವೇ ಆಫ್ ಮಾಡಿ, ಹತ್ತು ನಿಮಿಷದ ಮೇಲೆ ಬಂದಾಗ ಹಿಡಿಯದಿದ್ದರೆ ಕ್ಯಾಮ್ ಸೆನ್ಸರೂ ಪಟ್ಟಿಗೆ ಸೇರುತ್ತದೆ. ಇಸಿಎಂ 41 ಕೋಡ್ ಕೊಟ್ಟಿದ್ದರೆ ಅನುಮಾನ ಇನ್ನೂ ಗಟ್ಟಿ.

ಸಾಬೀತು ಮಾಡುವುದು ಹೀಗೆ: ಎಂಜಿನ್ ತಣ್ಣಗಿದ್ದು ಸರಿಯಾಗಿ ಓಡುತ್ತಿರುವಾಗ ಹೇರ್ ಡ್ರೈಯರ್‌ನಿಂದ ಮೊದಲು ಮಾಡ್ಯೂಲನ್ನು ಕಾಯಿಸಿ. ನಿಂತರೆ ಅದೇ ಕಳ್ಳ. ನಿಲ್ಲದಿದ್ದರೆ ಮುಂದೆ ಕ್ರ್ಯಾಂಕ್ ಸೆನ್ಸರ್, ಬೆಲ್ಟಿನಿಂದ ಕೈ ದೂರ. ಉಲ್ಟಾ ಪರೀಕ್ಷೆಯೂ ಇದೆ. ಬಿಸಿಯಿಂದ ನಿಂತು ಹೋದ ಕೂಡಲೇ ಎಲೆಕ್ಟ್ರಾನಿಕ್ಸ್ ಅಂಗಡಿಯ ತಂಪು ಸ್ಪ್ರೇಯನ್ನು ಒಂದೇ ಭಾಗಕ್ಕೆ ಹೊಡೆದು ಸೆಲ್ಫ್ ಕೊಡಿ. ಯಾವುದಕ್ಕೆ ಹೊಡೆದಾಗ ಹಿಡಿಯಿತೋ ಅದನ್ನು ಬದಲಿಸಿ. ಎರಡಕ್ಕೂ ಒಟ್ಟಿಗೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ.

ಕ್ರ್ಯಾಂಕ್ ಸೆನ್ಸರ್ ಹೊಸದು ಹಾಕುವಾಗ ಬ್ಯಾಲೆನ್ಸರಿನ (ಕ್ರ್ಯಾಂಕಿನ ಮುಂತುದಿಯಲ್ಲಿ ಕಂಪನ ತಡೆಯುವ ಚಕ್ರ) ಹಿಂದಿನ ಉಂಗುರದ ರೆಕ್ಕೆಗಳು ಸೆನ್ಸರಿನ ಸೀಳಿನ ನಟ್ಟನಡುವೆ ಹಾಯಬೇಕು. ಒಂದು ಬದಿಗೆ ವಾಲಿದರೆ ಪ್ಲಾಸ್ಟಿಕ್ಕನ್ನು ಉಜ್ಜುತ್ತದೆ, ಹೊಸ ಸೆನ್ಸರೂ ಕೆಲವೇ ದಿನಕ್ಕೆ ಹಾಳು. ಬಿಗಿ ಮಾಡಿದ ಮೇಲೆ ಕೈಯಿಂದ ಎಂಜಿನ್ನನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಮೂರೂ ರೆಕ್ಕೆ ನೋಡಿ. ಹಳೆಯ ಸೆನ್ಸರಿನ ಸೀಳಿನೊಳಗೆ ಗೀರು ಇದ್ದರೆ ಬ್ಯಾಲೆನ್ಸರಿನ ರಬ್ಬರೇ ಸಡಿಲವಾಗಿ ಹೊರ ಉಂಗುರ ಓಲಾಡುತ್ತಿರಬಹುದು. ಆಗ ಅದರ ಮೇಲಿನ ಟೈಮಿಂಗ್ ಗುರುತನ್ನೂ ನಂಬಬಾರದು.

ಕ್ಯಾಮ್ ಸೆನ್ಸರ್ ಕೂತಿರುವುದು ಹಿಂದೆ ಡಿಸ್ಟ್ರಿಬ್ಯೂಟರ್ ಇರುತ್ತಿದ್ದ ಜಾಗದಲ್ಲಿ, ಆಯಿಲ್ ಪಂಪನ್ನು ತಿರುಗಿಸುವುದೂ ಅದೇ ದಂಡ. ಮೇಲಿನ ಮುಚ್ಚಳ ಮಾತ್ರ ಒಡೆದಿದ್ದರೆ ಮುಚ್ಚಳವನ್ನಷ್ಟೇ ಬದಲಿಸಿ, ದಂಡಕ್ಕೆ ಕೈ ಹಾಕಬೇಡಿ. ದಂಡ ಎತ್ತಿದರೆ ಮತ್ತೆ ಹೊಂದಿಸಬೇಕು: ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲಿನ ತುದಿಗೆ ಬಂದು, ಅದನ್ನು ದಾಟಿ 25 ಡಿಗ್ರಿ ಮುಂದೆ ಹೋದಾಗ ಸೆನ್ಸರಿನ ಸಂಕೇತ ಬದಲಾಗಬೇಕು. ಬ್ಯಾಲೆನ್ಸರಿನ ಅಂಚಿನ ಮೇಲೆ ಇದು ಸೊನ್ನೆ ಗುರುತಿನಿಂದ 1.46 ಇಂಚು. ಬಟ್ಟೆ ಟೇಪಿನಿಂದ ಅಂಚಿನ ಬಾಗಿನ ಮೇಲೆ ಅಳೆದು, ಸೀಮೆಸುಣ್ಣದ ಗೆರೆ ಎಳೆದುಕೊಂಡರೆ ಕೆಲಸ ಹಗುರ.

ಹಿಡಿಯುತ್ತದೆ, ಐಡ್ಲಿಂಗ್ ಮಾತ್ರ ಸರಿಯಿಲ್ಲ

ಕೋಡ್ ಓದಲು ಯಂತ್ರ ಬೇಡ, ಒಂದು ಪೇಪರ್ ಕ್ಲಿಪ್ ಸಾಕು. ಸ್ಟಿಯರಿಂಗ್ ಕೆಳಗಿನ 12 ಕಿಂಡಿಗಳ ಕನೆಕ್ಟರಿನಲ್ಲಿ ಎ ಮತ್ತು ಬಿ ಕಿಂಡಿಗಳನ್ನು ಕ್ಲಿಪ್ಪಿನಿಂದ ಸೇರಿಸಿ, ಎಂಜಿನ್ ಹಿಡಿಸದೆ ಚಾವಿ ಆನ್ ಮಾಡಿ. ದೀಪ ಒಮ್ಮೆ ಮಿಟುಕಿ, ತಡೆದು, ಎರಡು ಸಲ ಮಿಟುಕಿದರೆ ಅದು 12. ಮೂರು ಸಲ 12 ಬಂದ ಮೇಲೆ ಇದ್ದ ಕೋಡ್‌ಗಳು ಒಂದೊಂದೂ ಮೂರು ಸಲ ಬರುತ್ತವೆ. 13 ಆಕ್ಸಿಜನ್ ಸೆನ್ಸರ್, 14-15 ಎಂಜಿನ್ ಶಾಖದ ಸೆನ್ಸರ್, 21-22 ಥ್ರಾಟಲ್ ಸೆನ್ಸರ್, 31 ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ತಡೆಯುವ ಬಾಗಿಲು), 33-34 ಗಾಳಿ ಅಳೆಯುವ ಮ್ಯಾಫ್ ಸೆನ್ಸರ್, 42 ಇಗ್ನಿಷನ್ ಸಮಯದ ಸರ್ಕ್ಯೂಟ್, 43 ನಾಕ್ (ಸಿಲಿಂಡರಿನಲ್ಲಿ ಪೆಟ್ರೋಲು ತಾನಾಗಿ ಸಿಡಿಯುವುದು) ಸೆನ್ಸರಿನ ಸರ್ಕ್ಯೂಟ್, 44 ಪೆಟ್ರೋಲು ಕಮ್ಮಿ, 45 ಪೆಟ್ರೋಲು ಜಾಸ್ತಿ. ಬರೆದಿಟ್ಟುಕೊಂಡು, ಚಾವಿ ಆಫ್ ಮಾಡಿ ಬ್ಯಾಟರಿ ಕಳಚಿ ಅಳಿಸಿ. ಅರ್ಧ ಗಂಟೆ ಓಡಿಸಿದ ಮೇಲೆ ವಾಪಸು ಬಂದದ್ದನ್ನು ಮಾತ್ರ ನಂಬಿ, ಹಳೆಯದು ಯಾವ ಕಾಲದ್ದೋ.

44 ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಲು ಓಡಬೇಡಿ. ನಿಂತ ಕಾರಿನಲ್ಲಿ ಅದರ ಕಾರಣ ಹೆಚ್ಚಾಗಿ ವ್ಯಾಕ್ಯೂಮ್ ಹೋಸು. ಥ್ರಾಟಲ್ ಬಳಿಯ ಸಣ್ಣ ಹೋಸುಗಳು ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತವೆ. ಒಂದನ್ನು ಕಿತ್ತರೆ ಅಷ್ಟೇ ಉದ್ದದ ಹೊಸದನ್ನು ಅದೇ ಕ್ಷಣ ಹಾಕಿ. ಎಲ್ಲ ಕಿತ್ತು ಗುಡ್ಡೆ ಹಾಕಿಕೊಂಡರೆ ಯಾವುದು ಎಲ್ಲಿಯದು ಎಂಬ ಗೋಜಿಗೆ ದಿನವೇ ಹೋಗುತ್ತದೆ. ಮ್ಯಾಫ್‌ನಿಂದ ಟರ್ಬೊವರೆಗಿನ ರಬ್ಬರ್ ಪೈಪು ಬಿರಿದಿದ್ದರೂ ಇದೇ ಫಲ, ಅಳತೆಗೆ ಸಿಗದ ಗಾಳಿ ಒಳಹೋಗುತ್ತದೆ.

ಮ್ಯಾಫ್ ಸೆನ್ಸರ್ ಈ ಕಾರುಗಳಲ್ಲಿ ಕೆಟ್ಟ ಹೆಸರು ಪಡೆದ ಭಾಗ. ಐಡ್ಲಿಂಗ್‌ನಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಎಂಜಿನ್ ಮುಗ್ಗರಿಸಿದರೆ ಅಥವಾ ನಿಂತರೆ ಸೆನ್ಸರ್ ಹೋಗಿದೆ. ಕನೆಕ್ಟರ್ ಕಳಚಿದಾಗ ಎಂಜಿನ್ ಇನ್ನೂ ಚೆನ್ನಾಗಿ ಓಡಿದರೂ ಅದೇ ತೀರ್ಪು. ಎಣ್ಣೆ ಸವರಿದ ಏರ್ ಫಿಲ್ಟರಿಗೆ ಎಣ್ಣೆ ಜಾಸ್ತಿಯಾಗಿ ಸೆನ್ಸರಿನ ಒಳಗೆ ಅಂಟಿರುವುದೂ ಉಂಟು.

ಕನೆಕ್ಟರಿಗೆ ಹಾಕುವ ಸಣ್ಣ ಸ್ಕ್ಯಾನ್ ಉಪಕರಣ ಒಂದಿದ್ದರೆ ಅಂದಾಜು ಬೇಕಿಲ್ಲ. ಬಿಸಿ ಎಂಜಿನ್, ಐಡ್ಲಿಂಗ್‌ನಲ್ಲಿ ನೋಡಬೇಕಾದ್ದು: ಥ್ರಾಟಲ್ ಸೆನ್ಸರ್ 0.40ರಿಂದ 0.44 ವೋಲ್ಟ್, ಐಡಲ್ ಮೋಟರಿನ ಎಣಿಕೆ 20ರ ಆಸುಪಾಸು, ಮ್ಯಾಫ್ ಸೆಕೆಂಡಿಗೆ 4ರಿಂದ 7 ಗ್ರಾಂ, ಪೆಟ್ರೋಲಿನ ತಿದ್ದುಪಡಿ ಅಂಕಿ 128ರ ಹತ್ತಿರ. ತಿದ್ದುಪಡಿ ಅಂಕಿ 140 ದಾಟಿದ್ದರೆ ಎಲ್ಲೋ ಗಾಳಿ ಸೋರಿಕೆ ಇದೆ ಅಥವಾ ಪೆಟ್ರೋಲು ಸಾಲದು, 110ಕ್ಕಿಂತ ಇಳಿದಿದ್ದರೆ ಪೆಟ್ರೋಲು ಜಾಸ್ತಿ ಸುರಿಯುತ್ತಿದೆ.

ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಮಾತ್ರ ಎಂಜಿನ್ ಆಫ್ ಆದರೆ ಇದೆಲ್ಲದರ ಗೊಡವೆ ಬೇಡ. 200-4ಆರ್ ಗಿಯರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ (ಎಂಜಿನ್ನನ್ನು ಗಿಯರ್‌ಬಾಕ್ಸಿಗೆ ಜೋಡಿಸುವ ಘಟಕ) ಲಾಕ್ ಬಿಡುತ್ತಿಲ್ಲ. ಗಿಯರ್‌ಬಾಕ್ಸಿನ ಪಕ್ಕದ ವೈರ್ ಕನೆಕ್ಟರ್ ಕಳಚಿ ಓಡಿಸಿ. ಕಾಯಿಲೆ ಮಾಯವಾದರೆ ಕರೆಂಟಿನ ಕಡೆ ಹುಡುಕಿ, ಮಾಯವಾಗದಿದ್ದರೆ ಸೊಲೆನಾಯ್ಡ್ ಅಂಟಿಕೊಂಡಿದೆ.

ಬೂಸ್ಟ್ ಬಂದಾಗ ಮುಗ್ಗರಿಸುತ್ತದೆ

ಮೆಲ್ಲಗೆ ಓಡಿಸಿದರೆ ಬೆಣ್ಣೆ, ಆಕ್ಸಿಲರೇಟರ್ ಒತ್ತಿದರೆ ಪಟಪಟ ಒಡೆಯುತ್ತದೆ. ಸಿಲಿಂಡರಿನ ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ದುರ್ಬಲ ಕಾಯಿಲ್, ಬಿರಿದ ತಂತಿ ಐಡ್ಲಿಂಗ್‌ನಲ್ಲಿ ಪಾಸಾಗಿ ಇಲ್ಲಿ ಫೇಲಾಗುತ್ತವೆ. ಪ್ಲಗ್ ಸಂದು 0.035 ಇಂಚಿಗಿಂತ ಹೆಚ್ಚಿರಬಾರದು. ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ತಂತಿಗಳ ಮೇಲೆ ಮಂಜಿನಂತೆ ಹೊಡೆಯಿರಿ. ನೀಲಿ ಕಿಡಿ ಹಾರಿದ ಕಡೆ ತಂತಿ ಸತ್ತಿದೆ. ಕಾಯಿಲ್‌ಗಳ ಮೂತಿಯಿಂದ ಮೂತಿಗೆ ಅಳೆದರೆ ಸುಮಾರು 10ರಿಂದ 14 ಕಿಲೋಓಮ್ ಬರಬೇಕು. ಅಂಕಿಗಿಂತ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮುಖ್ಯ.

ಕಿಡಿ ಸರಿಯಿದ್ದರೆ ಪೆಟ್ರೋಲು. ರೆಗ್ಯುಲೇಟರ್ ಪ್ರತಿ ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಪಿಎಸ್‌ಐ ಪೆಟ್ರೋಲು ಒತ್ತಡ ಏರಿಸಬೇಕು. ವ್ಯಾಕ್ಯೂಮ್ ಹೋಸ್ ಕಳಚಿದಾಗ 40 ಇದ್ದ ಕಾರು 14 ಪಿಎಸ್‌ಐ ಬೂಸ್ಟಿನಲ್ಲಿ 54 ತೋರಬೇಕು. ಗೇಜಿನ ಉದ್ದ ಹೋಸನ್ನು ಬಾನೆಟ್ಟಿನ ಹಿಂದಿನ ಸಂದಿನಿಂದ ಹೊರಗೆ ತಂದು, ಮುಂದಿನ ಗಾಜಿನ ಮೇಲೆ ವೈಪರ್ ಕೆಳಗೆ ಸಿಕ್ಕಿಸಿ ಟೇಪು ಸುತ್ತಿ. ಪೆಟ್ರೋಲು ತುಂಬಿದ ಗೇಜು ಯಾವ ಕಾರಣಕ್ಕೂ ಕಾರಿನೊಳಗೆ ಬರಬಾರದು. ಪಕ್ಕದಲ್ಲಿ ಕೂತವರು ಗೇಜು ಓದಲಿ, ಓಡಿಸುವವರು ರಸ್ತೆ ನೋಡಲಿ. ಒತ್ತಡ ಏರುತ್ತ ಏರುತ್ತ ನಿಂತುಬಿಟ್ಟರೆ ಅಥವಾ ಇಳಿದರೆ ಆ ಕ್ಷಣವೇ ಕಾಲು ತೆಗೆಯಿರಿ. ಕಾರಣ ಪಂಪ್, ಕಟ್ಟಿದ ಫಿಲ್ಟರ್, ಟ್ಯಾಂಕಿನೊಳಗಿನ ಆ ಜೋಡಣೆ, ಇಲ್ಲವೇ ಪಂಪಿಗೆ ಸಿಗುವ ವೋಲ್ಟೇಜ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟಿಗಿಂತ ಕಡಿಮೆ ಇದ್ದರೆ ಮೊದಲು ಆಲ್ಟರ್ನೇಟರ್. ಸೆಲ್ಫ್ ತಿರುಗುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ಬಿಚ್ಚಿ ಉಜ್ಜಿ ಹಾಕಿ.

ಬೂಸ್ಟೇ ಏರದಿದ್ದರೆ ಸೋರಿಕೆ. ಟರ್ಬೊದ ಬಾಯಿಗೆ ಮುಚ್ಚಳ ಹಾಕಿ, ಕಂಪ್ರೆಸರಿನಿಂದ 10 ಪಿಎಸ್‌ಐ ಮೀರದಂತೆ ಗಾಳಿ ಬಿಟ್ಟು, ಇಂಟರ್‌ಕೂಲರ್ ಹೋಸುಗಳ ಮೇಲೆ ಸೋಪಿನ ನೀರು ಹಚ್ಚಿ. ಎಕ್ಸಾಸ್ಟ್ ಹೆಡರ್ ವೆಲ್ಡಿಂಗ್ ಬಿರಿದರೂ ಟರ್ಬೊ ಸೋಮಾರಿಯಾಗುತ್ತದೆ. ತಣ್ಣನೆಯ ಎಂಜಿನ್ ಹಿಡಿಸಿದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಸದ್ದು ಅಡಗಿದರೆ ಅದೇ. ಎಂಜಿನ್ನಿನ ಹೊಟ್ಟೆಯ ಹೊಗೆಯನ್ನು ಹೀರುವ ಪಿಸಿವಿ ವಾಲ್ವ್ ಬೂಸ್ಟಿನಲ್ಲಿ ಮುಚ್ಚಬೇಕು, ಮುಚ್ಚದಿದ್ದರೆ ಬೂಸ್ಟ್ ಎಂಜಿನ್ನಿನ ಹೊಟ್ಟೆಗೆ ನುಗ್ಗಿ ಆಯಿಲನ್ನು ಸೀಲುಗಳಿಂದ ಹೊರಕ್ಕೆ ತಳ್ಳುತ್ತದೆ. ಹಿಂದಿನ ಕ್ರ್ಯಾಂಕ್ ಸೀಲ್ ಹಗ್ಗದ ಬಗೆಯದು, ನಿಂತ ಕಾರಿನಲ್ಲಿ ಒಣಗಿ ತೊಟ್ಟಿಕ್ಕುವುದು ಸಹಜ. ಎಂಜಿನ್ ಇಳಿಸುವ ಮೊದಲು ಆ ಅಗ್ಗದ ಪಿಸಿವಿ ವಾಲ್ವ್ ಬದಲಿಸಿ ಒಂದೆರಡು ವಾರ ನೋಡಿ.

ಬೂಸ್ಟ್ ಅತಿಯಾಗಿ ಏರಿದರೆ ವೇಸ್ಟ್‌ಗೇಟಿನ ಹೋಸ್ ಕಳಚಿರಬಹುದು ಅಥವಾ ಸರಳು ತುಕ್ಕಿಗೆ ಹಿಡಿದಿರಬಹುದು. ನಾಕಿಂಗ್ ಈ ಎಂಜಿನ್ನಿನ ಯಮ, ಹೆಡ್ ಗ್ಯಾಸ್ಕೆಟ್ ಮೊದಲ ಬಲಿ. ಸ್ಕ್ಯಾನ್ ಉಪಕರಣದಲ್ಲಿ ನಾಕ್ ಕಾರಣಕ್ಕೆ ಇಗ್ನಿಷನ್ ಹಿಂದೆ ಸರಿದ ಅಂಕಿ ಸೊನ್ನೆ ಇರುವವರೆಗೆ ಮಾತ್ರ ಪೂರ್ತಿ ಆಕ್ಸಿಲರೇಟರ್ ಕೊಡಿ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು: ಅಲ್ಲಿನ ಬಂಕಿನ 91 ಎಂಬುದು ಎರಡು ಬಗೆಯ ಆಕ್ಟೇನಿನ ಸರಾಸರಿ, ಬೆಂಗಳೂರಿನ ಬಂಕಿನ ಅಂಕಿಯ ಲೆಕ್ಕದಲ್ಲಿ ಅದು ಸುಮಾರು 95-96. ಊರಿನ ನೆನಪಿನಲ್ಲಿ 87 ಸಾಕು ಎಂದು ತುಂಬಿಸಬೇಡಿ. ಮೂಲ ಸ್ಥಿತಿಯ ಕಾರೆಂದು ಮಾರಿದವರು ಹೇಳಿದ್ದರೂ ಇಸಿಎಂನೊಳಗಿನ ಚಿಪ್ ಒಮ್ಮೆ ತೆರೆದು ನೋಡಿ. ರೇಸ್ ಪೆಟ್ರೋಲಿಗೆಂದು ಬರೆದ ಚಿಪ್ ಯಾರೋ ಯಾವಾಗಲೋ ಹಾಕಿ ಮರೆತಿರುತ್ತಾರೆ.

ಬ್ರೇಕ್: ಪವರ್‌ಮಾಸ್ಟರ್

ಟರ್ಬೊ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ನೆಚ್ಚಿಕೊಳ್ಳಲಾಗದೆಂದು ಇದಕ್ಕೆ ಕರೆಂಟ್ ಪಂಪಿನ ಬ್ರೇಕ್ ಬೂಸ್ಟರ್ ಕೊಟ್ಟರು. ಪಂಪು ಬ್ರೇಕ್ ಆಯಿಲನ್ನು ಚೆಂಡಿನಾಕಾರದ ಅಕ್ಯುಮ್ಯುಲೇಟರಿಗೆ ತುಂಬುತ್ತದೆ. ಒತ್ತಡ ಸುಮಾರು 500 ಪಿಎಸ್‌ಐಗೆ ಇಳಿದಾಗ ಸ್ವಿಚ್ ಪಂಪನ್ನು ಆನ್ ಮಾಡುತ್ತದೆ, ಸುಮಾರು 675ಕ್ಕೆ ಆಫ್. ಕಾರನ್ನು ರಸ್ತೆಗೆ ಇಳಿಸುವ ಮೊದಲು ಈ ಪರೀಕ್ಷೆ ಮುಗಿಯಲೇಬೇಕು, ಏಕೆಂದರೆ ಬೂಸ್ಟರ್ ಸತ್ತರೆ ಪೆಡಲ್ ಕಲ್ಲಿನಂತೆ ಗಟ್ಟಿ.

ಚಾವಿ ಆಫ್ ಇಟ್ಟು ಪೆಡಲನ್ನು ಹತ್ತು ಸಲ ಬಲವಾಗಿ ತುಳಿಯಿರಿ. ಚೆಂಡಿನ ಒತ್ತಡ ಇಳಿಯುತ್ತದೆ. ಯಾವ ಪೈಪ್ ಬಿಚ್ಚುವ ಮೊದಲೂ ಇದು ಕಡ್ಡಾಯ, ಇಲ್ಲದಿದ್ದರೆ ಆಯಿಲ್ ಮುಖಕ್ಕೆ ಚಿಮ್ಮುತ್ತದೆ. ಆಯಿಲ್ ಮಟ್ಟ ನೋಡುವುದೂ ಈಗಲೇ. ಚೆಂಡು ತುಂಬಿರುವಾಗ ಡಬ್ಬಿಯ ಮಟ್ಟ ಕೆಳಗೆ ಕಾಣುತ್ತದೆ, ಆಗ ತುಂಬಿಸಿದರೆ ಚೆಂಡು ಖಾಲಿಯಾದಾಗ ಉಕ್ಕಿ ಬಣ್ಣ ಕಿತ್ತು ಬರುತ್ತದೆ. ಕಪ್ಪು ಬಣ್ಣದ ಮೂಲ ಪೇಂಟಿನ ಕಾರಿಗೆ ಇದಕ್ಕಿಂತ ದುಬಾರಿ ಹನಿ ಇಲ್ಲ.

ಈಗ ಚಾವಿ ಆನ್. ಪಂಪು ಸುಮಾರು 20 ಸೆಕೆಂಡಿನೊಳಗೆ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪಂಪು ಸೋತಿದೆ, ಅಥವಾ ಸ್ವಿಚ್ ಆಫ್ ಮಾಡುತ್ತಿಲ್ಲ. ಕೂಡಲೇ ಚಾವಿ ಆಫ್ ಮಾಡಿ, ಮೋಟರ್ ಸುಟ್ಟೀತು. ನಿಂತ ಮೇಲೆ ಪೆಡಲ್ ಮುಟ್ಟದೆ ಐದು ನಿಮಿಷ ಕಾಯಿರಿ. ತಾನಾಗಿ ಮತ್ತೆ ಮತ್ತೆ ಓಡಿದರೆ ಒಳಗಿನ ಸೀಲ್ ಸೋರುತ್ತಿದೆ. ಬಳಿಕ ಪೆಡಲ್ ಒತ್ತಿ ಬಿಡುತ್ತ ಎಣಿಸಿ. ಎರಡು ಮೂರು ಸಲಕ್ಕೊಮ್ಮೆ ಪಂಪು ಓಡಿದರೆ ಸರಿ. ಪ್ರತಿ ಒತ್ತಿಗೂ ಓಡಿದರೆ ಚೆಂಡಿನೊಳಗಿನ ಗ್ಯಾಸ್ ಹೋಗಿದೆ. ಪಂಪು ಓಡಲೇ ಇಲ್ಲವೆಂದರೆ ಫ್ಯೂಸ್, ಆಮೇಲೆ ಸ್ವಿಚ್. ಸ್ವಿಚ್ಚಿನ ಕನೆಕ್ಟರಿನೊಳಗೆ ಬ್ರೇಕ್ ಆಯಿಲ್ ಜಿನುಗಿದ್ದರೆ ಸ್ವಿಚ್ ಮುಗಿಯಿತು.

ಹೆಚ್ಚಿನವರು ಈ ಗೋಳೇ ಬೇಡವೆಂದು ವ್ಯಾಕ್ಯೂಮ್ ಬೂಸ್ಟರಿಗೆ ಬದಲಾಯಿಸುತ್ತಾರೆ. ದಿನಾ ಓಡಿಸುವ ಕಾರಿಗೆ ಒಳ್ಳೆಯದೇ. ಮೂರು ಸಾವಿರ ಮೈಲಿಯ ಕಾರಿಗೆ ಚೆಂಡು, ಸ್ವಿಚ್, ಸೀಲ್ ಹೊಸದು ಹಾಕಿಸಿ ಮೂಲ ಪವರ್‌ಮಾಸ್ಟರನ್ನೇ ಉಳಿಸುವುದು ಮೇಲು. ಬದಲಿಸಲೇಬೇಕಾದರೆ ಬಿಚ್ಚಿದ ಘಟಕದ ಆಯಿಲ್ ಬಸಿದು, ಮೂತಿಗಳಿಗೆ ಬಿರಡೆ ಹಾಕಿ, ಬಿಚ್ಚಿದ ದಿನಾಂಕ ಮತ್ತು ಮೈಲಿ ಬರೆದ ಚೀಟಿ ಕಟ್ಟಿ ಕಾರಿನ ಜೊತೆಗೇ ಇಡಿ.